ಅಡುಗೆಮನೆಯ ಹೊಗೆ ಮತ್ತು ಬಿ.ಪಿ.



ಗುಂಡ್ಲುಪೇಟೆಯಿಂದ ಕಾಡು ದಾಟಿ ಸುಲ್ತಾನ್ ಬತ್ತೇರಿಗೆ ಹೋಗುವವರು ಬಸ್ಸಿನ ಕಿಟಕಿ ಸರಿಸಿ, ಎಂಥ ಒಳ್ಳೆ ಗಾಳಿ ಎನ್ನುತ್ತಾರೆ. ನಿಜ, ವಯನಾಡಿನ ಗಾಳಿ ದೆಹಲಿಯದಲ್ಲ. ಆದರೆ ಅದೇ ಕಾಡಂಚಿನಲ್ಲಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರ ಹಾಡಿಗೆ ಮಳೆಗಾಲದಲ್ಲಿ ಹೋಗಿ ನೋಡಿ. ಒದ್ದೆ ಸೌದೆ ಹೊತ್ತಿಕೊಳ್ಳುವುದಿಲ್ಲ. ಹೆಂಗಸು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುತ್ತಲೇ ಇರುತ್ತಾಳೆ. ಹೊಗೆಗೆ ಹೋಗಲು ದಾರಿಯಿಲ್ಲ, ಮಾಡಿನ ಅಡಿಯೆಲ್ಲ ಮಸಿ. ಕಣ್ಣುರಿ, ಕೆಮ್ಮು ಎಲ್ಲರಿಗೂ ಗೊತ್ತು. ರಕ್ತದೊತ್ತಡಕ್ಕೂ ಈ ಹೊಗೆಗೂ ನಂಟಿದೆ ಎಂಬುದು ತಿಳಿಯಲು ಮಾತ್ರ ಬಹಳ ಕಾಲ ಹಿಡಿಯಿತು.

ಮೊದಲು ಒತ್ತಡವನ್ನು ಅಳೆಯಲು ಬರಬೇಕಿತ್ತಲ್ಲ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಸೇರಿಸಿ ಅಳೆದದ್ದನ್ನು 1733ರಲ್ಲಿ ಪ್ರಕಟಿಸಿದ. ತೋಳಿಗೆ ಪಟ್ಟಿ ಕಟ್ಟುವ ಉಪಾಯ ಇಟಲಿಯ ರಿವಾ ರೋಚಿಯದು, 1896. ಸ್ಟೆತಸ್ಕೋಪಿನಲ್ಲಿ ನಾಡಿಯ ಸದ್ದು ಕೇಳುವ ಕ್ರಮವನ್ನು ರಷ್ಯಾದ ಕೊರೊಟ್ಕೊವ್ 1905ರಲ್ಲಿ ತಿಳಿಸಿದ.

ಒತ್ತಡ ಅಳೆಯಲು ಬಂದ ಮೇಲೂ ಹೊಗೆಯ ನಂಟು ಬೇಗ ಹೊಳೆಯಲಿಲ್ಲ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಕಲ್ಲಿದ್ದಲ ಹೊಗೆ ಸಾವಿರಾರು ಜನರನ್ನು ಕೊಂದಾಗಲೂ ಗಮನ ಹೋದದ್ದು ಹೆಚ್ಚಾಗಿ ಶ್ವಾಸಕೋಶದ ಕಡೆಗೇ. 1993ರಲ್ಲಿ ಅಮೆರಿಕದ ಆರು ಊರುಗಳ ಅಧ್ಯಯನ ಹೊರಬಂತು. ಗಾಳಿಯಲ್ಲಿ ಹೊಗೆಯ ಸೂಕ್ಷ್ಮ ಕಣ ಹೆಚ್ಚಿದ್ದಲ್ಲಿ ಹೃದಯ, ಶ್ವಾಸಕೋಶದ ಕಾಯಿಲೆಯ ಸಾವುಗಳೂ ಹೆಚ್ಚು ಎಂದು ಅದು ತೋರಿಸಿತು. ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಎಬ್ಬಿಸುತ್ತವೆ, ನರಗಳನ್ನು ಕೆರಳಿಸಿ ರಕ್ತನಾಳ ಬಿಗಿಯುವಂತೆ ಮಾಡುತ್ತವೆ. ವರ್ಷಗಟ್ಟಲೆ ಹೀಗಾದರೆ ನಾಳ ಸಡಿಲಗೊಳ್ಳುವ ಗುಣವನ್ನೇ ಕಳೆದುಕೊಳ್ಳುತ್ತದೆ, ಒತ್ತಡ ಏರುತ್ತದೆ.

ಅಡುಗೆಮನೆಯ ಕಥೆ ಶುರುವಾದದ್ದು ನಮ್ಮ ದೇಶದಲ್ಲೇ. ಸಂಶೋಧಕ ಕರ್ಕ್ ಸ್ಮಿತ್ ಮತ್ತು ಜೊತೆಗಾರರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನು ಅಳೆದು 1983ರಲ್ಲಿ ಬರೆದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೊಗೆಕೊಳವೆಯ ಅಸ್ತ್ರ ಒಲೆ ರೂಪುಗೊಂಡಿತು. ನಮ್ಮ ಅನೇಕ ಹಳ್ಳಿಮನೆಗಳಿಗೆ ಅದು ಬಂತು. ಸೌದೆ ಉಳಿಸುವ ಒಲೆ ಎಂದೇ ಅದಕ್ಕೆ ಹೆಸರು.

ಬಿ.ಪಿ.ಗೂ ಒಲೆಗೂ ಇರುವ ನಂಟಿಗೆ ಗಟ್ಟಿ ಪುರಾವೆ ಸಿಕ್ಕಿದ್ದು 2007ರಲ್ಲಿ, ಗ್ವಾಟೆಮಾಲದ ಗುಡ್ಡಗಾಡಿನಲ್ಲಿ. ಹೊಗೆಕೊಳವೆ ಇರುವ ಒಲೆ ಪಡೆದ ಹೆಂಗಸರ ಬಿ.ಪಿ.ಯ ಮೇಲಿನ ಅಂಕಿ, ಬರೀ ಬೆಂಕಿಯಲ್ಲಿ ಬೇಯಿಸುವವರಿಗಿಂತ ಸರಾಸರಿ 3.7 ಅಂಕ ಕಡಿಮೆಯಿತ್ತು. ಒಬ್ಬರ ಮಟ್ಟಿಗೆ ಇದು ಸಣ್ಣದು. ಊರಿಗೂರೇ ಇಷ್ಟು ಇಳಿದರೆ ಲಕ್ವ ಹೊಡೆಯುವವರು ಕಡಿಮೆಯಾಗುತ್ತಾರೆ. ಆ ಒಲೆ ಬಂದ ಮೇಲೂ ಅವರ ಉಸಿರಿನ ಗಾಳಿಯಲ್ಲಿ ಘನ ಮೀಟರಿಗೆ ನೂರು ಮೈಕ್ರೋಗ್ರಾಮಿನಷ್ಟು ಸೂಕ್ಷ್ಮ ಕಣ ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ 5, ನಮ್ಮ ದೇಶದ ಮಿತಿ 40.

2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂತು. ಚಹಾ ಗ್ಯಾಸಿನಲ್ಲಿ, ಅನ್ನ ಮತ್ತು ಹಂಡೆಯ ನೀರು ಸೌದೆಯಲ್ಲಿ ಎಂಬ ಮನೆಗಳು ಇನ್ನೂ ಇವೆ. ಸಿಲಿಂಡರ್ ತುಂಬಿಸಲು ದುಡ್ಡು ಬೇಕಲ್ಲ! ಬಿ.ಪಿ. ನೋಡುವಾಗ ಉಪ್ಪು, ಬೀಡಿ, ಕುಡಿತದ ವಿಚಾರ ಕೇಳುತ್ತೇವೆ. ನಿಮ್ಮದು ಯಾವ ಒಲೆ, ಹೊಗೆ ಎಲ್ಲಿ ಹೋಗುತ್ತದೆ ಎಂದೂ ಕೇಳಬೇಕು. ಸೌದೆಯೇ ಗತಿ ಎನ್ನುವ ಮನೆಗೆ ಮಾತ್ರೆಯ ಜೊತೆ ಹೊಗೆಕೊಳವೆಯನ್ನೂ ಕಟ್ಟಿಸಿಕೊಡಬೇಕು.