ಎಂಜಿನ್ ದೀಪ ಹೊತ್ತಿಕೊಂಡಾಗ



ಕಾರಿನ ಚಾಲಕನ ಎದುರಿಗಿರುವ ಫಲಕದಲ್ಲಿ ಎಂಜಿನ್ನಿನ ಆಕಾರದ ಒಂದು ಹಳದಿ ದೀಪವಿರುತ್ತದೆ. ಕೀಲಿ ತಿರುಗಿಸಿದಾಗ ಹೊತ್ತಿಕೊಳ್ಳುವ ಈ ದೀಪ, ಎಂಜಿನ್ ಚಾಲೂ ಆದ ಬಳಿಕ ಆರಬೇಕು. ಆರದಿದ್ದರೆ, ಅಥವಾ ದಾರಿಯಲ್ಲಿ ಹೊತ್ತಿಕೊಂಡರೆ, ಎಲ್ಲೋ ಲೋಪವಿದೆ ಎಂದು ಅರ್ಥ. ಸಾಲ ಮಾಡಿ ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುವವರಿಗೆ ಈ ಪುಟ್ಟ ದೀಪ ದೊಡ್ಡ ಆತಂಕ ತರುತ್ತದೆ. ಕಾರು ಗ್ಯಾರೇಜಿನಲ್ಲಿ ನಿಂತ ದಿನ ದುಡಿಮೆ ಇಲ್ಲ. ಆದರೆ ಸಾಲದ ಕಂತು ನಿಲ್ಲುವುದಿಲ್ಲ. ಅಂದಾಜಿನ ಮೇಲೆ ಯಾವುದೋ ಭಾಗವನ್ನು ಬದಲಿಸಿದರೆ ಹಣವೂ ಹೋಗುತ್ತದೆ, ದೀಪವೂ ಆರುವುದಿಲ್ಲ. ಕಡಿಮೆ ಖರ್ಚಿನಲ್ಲಿ ನಿಜವಾದ ಕಾರಣವನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಈ ದೀಪ ಹುಟ್ಟಿದ್ದು ಕಾರಿನ ರಕ್ಷಣೆಗಿಂತ ಹೆಚ್ಚಾಗಿ ಗಾಳಿಯ ರಕ್ಷಣೆಗಾಗಿ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿಗೆ ವಾಹನಗಳ ಹೊಗೆಯೂ ಮುಖ್ಯ ಕಾರಣವೆಂದು 1950ರ ದಶಕದ ಆರಂಭದಲ್ಲಿ ಆರಿ ಹಾಗೆನ್-ಸ್ಮಿತ್ ಎಂಬ ರಸಾಯನವಿಜ್ಞಾನಿ ತೋರಿಸಿಕೊಟ್ಟರು. ಮುಂದೆ ಕಾರಿನ ಹೊಗೆಯನ್ನು ನಿಯಂತ್ರಿಸುವ ಸಾಧನಗಳ ಮೇಲೆ ಕಾರೇ ನಿಗಾ ಇಡಬೇಕೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1988ರ ಮಾದರಿಯ ಕಾರುಗಳಿಂದ ಜಾರಿಗೆ ಬಂತು. 1996ರಿಂದ ಅಮೆರಿಕದಾದ್ಯಂತ ಹೊಸ ಕಾರುಗಳಿಗೆ ಇದರ ಸುಧಾರಿತ ರೂಪ ಕಡ್ಡಾಯವಾಯಿತು. ಭಾರತದಲ್ಲಿ ಇದರ ಮೊದಲ ಹಂತ 2010ರಲ್ಲಿ, ಎರಡನೆಯ ಹಂತ 2013ರಲ್ಲಿ ಬಂದಿತು. ಕಾರು ಸಲೀಸಾಗಿ ಓಡುತ್ತಿದ್ದರೂ ಕೆಲವೊಮ್ಮೆ ದೀಪ ಹೊತ್ತಿಕೊಳ್ಳುವುದೇಕೆ ಎಂಬುದು ಈಗ ತಿಳಿಯಿತಲ್ಲವೇ? ಚಾಲಕನಿಗೆ ಗೊತ್ತಾಗುವ ಮೊದಲೇ ಹೊಗೆ ಕೆಟ್ಟಿರಬಹುದು.

ಮೊದಲು ದೀಪದ ಬಣ್ಣ ಮತ್ತು ರೀತಿಯನ್ನು ಗಮನಿಸಬೇಕು. ಎಣ್ಣೆಯ ಒತ್ತಡ ಅಥವಾ ಎಂಜಿನ್ನಿನ ಶಾಖವನ್ನು ಸೂಚಿಸುವ ಕೆಂಪು ದೀಪ ಬೇರೆಯದೇ. ಅದು ಹೊತ್ತಿದರೆ ಸುರಕ್ಷಿತ ಜಾಗದಲ್ಲಿ ಕೂಡಲೇ ಕಾರು ನಿಲ್ಲಿಸಿ ಎಂಜಿನ್ ಆರಿಸಬೇಕು. ಹಳದಿ ದೀಪ ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದು ತಿಳಿಯಬೇಕು. ಉರಿಯದ ಪೆಟ್ರೋಲ್ ಹೊಗೆಕೊಳವೆಯೊಳಗಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು, ಅದನ್ನು ಹಾಳುಮಾಡಬಲ್ಲದು. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳಿರುವ ಭಾಗ ಅದು. ಆದ್ದರಿಂದ ಮಿನುಗುವ ದೀಪದೊಡನೆ ಓಡಿಸುವುದು ಉಳಿತಾಯವಲ್ಲ. ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಓಟದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಯೋಚಿಸಲು ಸಮಯವಿದೆ.

ಎರಡನೆಯ ಹೆಜ್ಜೆ, ಸಂಕೇತವನ್ನು ಓದುವುದು. ಸ್ಟಿಯರಿಂಗ್ ಕೆಳಭಾಗದ ಆಸುಪಾಸಿನಲ್ಲಿ 16 ತೂತುಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಜೋಡಿಸುವ ಅಗ್ಗದ ಉಪಕರಣವೊಂದು ಮೊಬೈಲ್ ಫೋನಿನ ಮೂಲಕ ಕಾರಿನ ಕಂಪ್ಯೂಟರಿನ ನೆನಪಿನಲ್ಲಿರುವ ಸಂಕೇತವನ್ನು ತೋರಿಸುತ್ತದೆ. ನಾಲ್ಕಾರು ಚಾಲಕರು ಸೇರಿ ಒಂದನ್ನು ಕೊಂಡರೂ ಸಾಕು. ಹಳೆಯ ಕಾರುಗಳಲ್ಲೆಲ್ಲ ಇದು ಕೆಲಸ ಮಾಡುತ್ತದೆ ಎನ್ನುವಂತಿಲ್ಲ. ಕೊಳ್ಳುವ ಮೊದಲು ವಿಚಾರಿಸಬೇಕು.

ಸಂಕೇತಕ್ಕೂ ಒಂದು ವ್ಯಾಕರಣವಿದೆ. 'ಪಿ 0171' ಎಂಬುದನ್ನು ತೆಗೆದುಕೊಳ್ಳಿ. 'ಪಿ' ಎಂದರೆ ಎಂಜಿನ್ ಮತ್ತು ಗೇರಿನ ವಿಭಾಗ. ಮುಂದಿನ ಸೊನ್ನೆ, ಇದು ಎಲ್ಲ ತಯಾರಕರಿಗೂ ಸಮಾನವಾದ ಸಂಕೇತವೆಂದು ಹೇಳುತ್ತದೆ. ಅದರ ಮುಂದಿನ 1 ಇಂಧನ ಮತ್ತು ಗಾಳಿಗೆ ಸಂಬಂಧಿಸಿದ್ದು. ಆ ಸ್ಥಾನದಲ್ಲಿ 3 ಇದ್ದರೆ ಕಿಡಿಯ ವ್ಯವಸ್ಥೆಗೆ ಸಂಬಂಧಿಸಿದ್ದು. ಕೊನೆಯ ಎರಡು ಅಂಕಿಗಳು ನಿರ್ದಿಷ್ಟ ಲೋಪವನ್ನು ತಿಳಿಸುತ್ತವೆ. ಸಂಕೇತವನ್ನು ಬರೆದಿಟ್ಟುಕೊಳ್ಳುವ ಮೊದಲು ಅಳಿಸಬಾರದು. ಲೋಪ ಕಂಡ ಕ್ಷಣದಲ್ಲಿ ಎಂಜಿನ್ನಿನ ವೇಗ, ಶಾಖ, ಹೊರೆ ಎಷ್ಟಿದ್ದವೆಂಬ ದಾಖಲೆಯೂ ಅದರೊಂದಿಗೆ ಅಳಿಸಿಹೋಗುತ್ತದೆ.

ಇಲ್ಲಿ ಬಹಳ ಮುಖ್ಯವಾದ ಮಾತೊಂದಿದೆ. ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ರೋಗವನ್ನಲ್ಲ. ಜ್ವರಮಾಪಕ 102 ಡಿಗ್ರಿ ತೋರಿಸಿದರೆ ಜ್ವರವಿದೆ ಎಂದು ತಿಳಿಯುತ್ತದೆ. ಮಲೇರಿಯಾವೋ ಟೈಫಾಯಿಡೋ ತಿಳಿಯುವುದಿಲ್ಲ. ಪಿ 0171 ಎಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದು ಅರ್ಥ. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರಿಗೆ ತಿಳಿಸುತ್ತದೆ. ಈ ಸಂಕೇತ ಕಂಡೊಡನೆ ಕೆಲವರು ಆ ಸೆನ್ಸರನ್ನೇ ಬದಲಿಸಿಬಿಡುತ್ತಾರೆ. ಸುದ್ದಿ ತಂದವನನ್ನೇ ದಂಡಿಸಿದ ಹಾಗಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಿಜವಾದ ಕಾರಣ, ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆ ಇರಬಹುದು. ಗಾಳಿಯ ಮಾಪಕವನ್ನು ದಾಟಿದ ಮೇಲಿನ ಆ ಬಿರುಕಿನಿಂದ ನುಗ್ಗಿದ ಗಾಳಿ ಕಂಪ್ಯೂಟರಿನ ಲೆಕ್ಕಕ್ಕೆ ಸಿಕ್ಕಿರುವುದಿಲ್ಲ.

ಹಾಗಾದರೆ ಕೊಳವೆಯ ಬಿರುಕೋ, ಪೆಟ್ರೋಲ್ ಪಂಪಿನ ದೌರ್ಬಲ್ಯವೋ ಎಂದು ತಿಳಿಯುವುದು ಹೇಗೆ? ಕಂಪ್ಯೂಟರ್ ಎಷ್ಟು ಪೆಟ್ರೋಲನ್ನು ಹೆಚ್ಚುವರಿಯಾಗಿ ಸೇರಿಸುತ್ತಿದೆ ಎಂಬುದನ್ನು ಅದೇ ಉಪಕರಣ ಶೇಕಡಾವಾರು ತೋರಿಸುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಕಾರು ನಿಂತಿರುವಾಗ ಮೊದಲು ಮಂದಗತಿಯಲ್ಲಿ, ನಂತರ ನಿಮಿಷಕ್ಕೆ 2500 ಸುತ್ತುಗಳ ವೇಗದಲ್ಲಿ ಈ ಅಂಕಿಯನ್ನು ನೋಡಬೇಕು. ಮಂದಗತಿಯಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿ ಕಡಿಮೆ. ಆದ್ದರಿಂದ ಬಿರುಕಿನ ಗಾಳಿಯ ಪಾಲು ದೊಡ್ಡದು. ವೇಗ ಹೆಚ್ಚಿದಂತೆ ಆ ಪಾಲು ಚಿಕ್ಕದಾಗುತ್ತದೆ. ಹೀಗಾಗಿ ಅಂಕಿ ಮಂದಗತಿಯಲ್ಲಿ ಹೆಚ್ಚಿದ್ದು, ವೇಗದಲ್ಲಿ ಇಳಿದರೆ ಬಿರುಕಿನ ಶಂಕೆ ಬಲವಾಗುತ್ತದೆ. ತದ್ವಿರುದ್ಧವಾಗಿ, ಹೊರೆ ಹೆಚ್ಚಿದಂತೆ ಅಂಕಿಯೂ ಏರುತ್ತಾ ಹೋದರೆ ಬೇಕಾದಷ್ಟು ಪೆಟ್ರೋಲ್ ಬರುತ್ತಿಲ್ಲ ಎಂದು ಅನುಮಾನಿಸಬಹುದು. ನೋಡಿ, ಒಂದು ರೂಪಾಯಿಯ ಭಾಗವನ್ನೂ ಕೊಳ್ಳದೆ ಎರಡು ಊಹೆಗಳನ್ನು ಬೇರ್ಪಡಿಸಿದೆವು.

ಇನ್ನೊಂದು ಉದಾಹರಣೆ. ಪಿ 0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ ಉರಿಯುವಿಕೆ ತಪ್ಪುತ್ತಿದೆ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಿಡಿಯ ಕಾಯಿಲ್ ಇರುವ ಕಾರಿನಲ್ಲಿ, ಎಂಜಿನ್ ಆರಿಸಿ ತಣಿಸಿದ ಬಳಿಕ, ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಕಾಯಿಲ್‌ಗಳನ್ನು ಅದಲುಬದಲು ಮಾಡಿ. ಸಂಕೇತ ಪಿ 0303 ಎಂದು ಬದಲಾದರೆ ಲೋಪ ಕಾಯಿಲ್ ಜೊತೆಗೆ ಹೋಯಿತು, ತಪ್ಪಿತಸ್ಥ ಸಿಕ್ಕಂತಾಯಿತು. ಸಂಕೇತ ಬದಲಾಗದಿದ್ದರೆ ಕಾಯಿಲ್ ನಿರಪರಾಧಿ. ಮುಂದೆ ಸ್ಪಾರ್ಕ್ ಪ್ಲಗ್ ಸರದಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು ಎಂಬುದನ್ನು ಮರೆಯದಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಹೇಳಲಾಗದು. ನಿಮ್ಮ ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

ಪರೀಕ್ಷೆಗಳ ಕ್ರಮವನ್ನು ಖರ್ಚಿನ ಪ್ರಕಾರ ಇಟ್ಟುಕೊಳ್ಳುವುದು ಜಾಣತನ. ಕಣ್ಣು, ಕಿವಿ, ಮೂಗುಗಳ ಪರೀಕ್ಷೆ ಮೊದಲು: ಕಳಚಿದ ತಂತಿ, ಇಲಿ ಕಡಿದ ಗುರುತು, ಸಡಿಲವಾದ ಕೊಳವೆ, ಬುಸುಗುಡುವ ಸದ್ದು, ಪೆಟ್ರೋಲ್ ವಾಸನೆ. ಗಾಳಿಯ ಫಿಲ್ಟರ್, ಬ್ಯಾಟರಿಯ ತುದಿಗಳು ನಂತರ. ದುಬಾರಿ ಭಾಗಗಳು ಕೊನೆಗೆ, ಅದೂ ಸಾಕ್ಷ್ಯವಿದ್ದರೆ ಮಾತ್ರ. ಪೆಟ್ರೋಲ್ ಒತ್ತಡ, ಸಿಲಿಂಡರಿನ ಒತ್ತಡಗಳನ್ನು ಅಳೆಯುವ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗೇ ಬಿಡಬೇಕು. ಪರೀಕ್ಷೆಗೆ ಕೊಡುವ ಕೂಲಿ, ಬೇಡದ ಭಾಗಕ್ಕೆ ಸುರಿಯುವ ಹಣಕ್ಕಿಂತ ಸಾಮಾನ್ಯವಾಗಿ ಕಡಿಮೆ. 'ದೀಪ ಹೊತ್ತಿದೆ, ನೋಡಿ' ಎನ್ನುವ ಬದಲು ಸಂಕೇತ, ಅಂಕಿಗಳು, ಮಾಡಿದ ಪರೀಕ್ಷೆಗಳು ಇವನ್ನೆಲ್ಲ ಬರೆದ ಚೀಟಿಯನ್ನು ಅವರ ಕೈಗಿಡಿ. ಅವರ ಸಮಯವೂ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.

ಕೆಲವು ಎಚ್ಚರಿಕೆಗಳು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ಪ್ರಾಣ ತೆಗೆಯುತ್ತದೆ. ಬಿರುಕು ಹುಡುಕಲು ಪೆಟ್ರೋಲನ್ನಾಗಲಿ, ಹೊತ್ತಿಕೊಳ್ಳುವ ದ್ರವವನ್ನಾಗಲಿ ಚಿಮುಕಿಸಬೇಡಿ. ತಿರುಗುವ ಬೆಲ್ಟು, ಫ್ಯಾನುಗಳಿಂದ ಕೈ ಮತ್ತು ಬಟ್ಟೆಯನ್ನು ದೂರವಿಡಿ. ಹಿರಿಯರೊಬ್ಬರು ಜೊತೆಗಿರಲಿ.

ದುರಸ್ತಿಯಾದ ಮೇಲೆ ಸಂಕೇತವನ್ನು ಅಳಿಸಿ, ಕೆಲವು ದಿನ ಓಡಿಸಿ, ಮತ್ತೊಮ್ಮೆ ಓದಿನೋಡಿ. ಅಳಿಸಿದೊಡನೆ ದೀಪ ಆರುವುದು ಗುಣವಾಯಿತೆಂಬುದಕ್ಕೆ ಸಾಕ್ಷಿಯಲ್ಲ. ಮತ್ತೆ ಹೊತ್ತದಿರುವುದೇ ಸಾಕ್ಷಿ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಯಾರದಾದರೂ ಕಾರಿನಲ್ಲಿ ಈ ದೀಪ ಹೊತ್ತಿಕೊಂಡರೆ, ಪರ್ಸಿಗೆ ಕೈಹಾಕುವ ಮೊದಲು ಪೆನ್ನು, ಪುಸ್ತಕ ಹಿಡಿಯಿರಿ ಎಂದು ಅವರಿಗೆ ಹೇಳಿ.