ಬೆರಳ ತುದಿಯ ಸುದ್ದಿ, ಮನೆಮಂದಿಯ ಆರೋಗ್ಯ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಜರಗಿದ ಆರೋಗ್ಯ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ತುಂಬಿದ ಕನ್ನಡ ಶಾಲೆಯ ಅಂಗಳದಲ್ಲಿ ನಿಂತು ಮೊಬೈಲ್ ಫೋನಿನ ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಶಾಲೆಗೂ ಊರಿನ ಆರೋಗ್ಯಕ್ಕೂ ಇರುವ ನಂಟು ಹಳೆಯದು. ಈ ಸಭೆಯಲ್ಲಿರುವ ಹಿರಿಯರು ತಮ್ಮ ತೋಳನ್ನೊಮ್ಮೆ ನೋಡಿಕೊಂಡರೆ, ಹಲವರಲ್ಲಿ ಸಿಡುಬಿನ ದಾಕಿನ ಕಲೆ ಇನ್ನೂ ಉಳಿದಿರುವುದು ಕಾಣುತ್ತದೆ. ದಾಕು ಹಾಕುವವರು ಬಂದರೆಂದರೆ ಮಕ್ಕಳು ಓಡಿ ಅವಿತುಕೊಳ್ಳುತ್ತಿದ್ದ ಕಾಲವದು. ಅಂತಹ ಮಕ್ಕಳನ್ನು ಕರೆತಂದು, ಧೈರ್ಯ ಹೇಳಿ, ಕೈ ಹಿಡಿದು ನಿಲ್ಲಿಸುತ್ತಿದ್ದವರು ಶಾಲೆಯ ಮಾಸ್ತರರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ; 1980ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಗೆಲುವಿನಲ್ಲಿ ಲಸಿಕೆಯ ಜೊತೆಗೆ, ಪರಿಚಿತರೊಬ್ಬರು ನಮ್ಮ ಮಾತಿನಲ್ಲೇ ಹೇಳಿದ ಧೈರ್ಯಕ್ಕೂ ಪಾಲಿದೆ.

ಇಂದು ಆ ಪರಿಚಿತ ದನಿಯ ಸ್ಥಾನದಲ್ಲಿ ಕೈಯೊಳಗಿನ ಯಂತ್ರ ಕುಳಿತಿದೆ. ಅದರಿಂದ ಏನಾಗುತ್ತದೆಂಬುದಕ್ಕೆ ನಮ್ಮ ಕಣ್ಣೆದುರೇ ನಡೆದ ಒಂದು ನಿದರ್ಶನವಿದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿಯೂ, ಅದೇ ವರ್ಷದ ಅಕ್ಟೋಬರದಲ್ಲಿ ಕೇರಳದಲ್ಲಿಯೂ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗಾಗಿ ರೂಪಿಸಿದ ಈ ಅಭಿಯಾನದ ಮುಖ್ಯ ಕೇಂದ್ರಗಳು ಶಾಲೆಗಳೇ. ಆದರೆ ದಾದಿಯರು ಶಾಲೆಯ ಮೆಟ್ಟಿಲೇರುವ ಮೊದಲೇ ವಾಟ್ಸಾಪ್ ಸಂದೇಶಗಳು ಮನೆಯೊಳಗೆ ಬಂದಿದ್ದವು. ಲಸಿಕೆ ಪಡೆದವರಿಗೆ ಮುಂದೆ ಸಂತಾನವಾಗದು, ಇದು ಪರದೇಶದವರ ಸಂಚು ಎಂಬಂತಹ ಮಾತುಗಳು ಹಬ್ಬಿದವು. ಹಲವೆಡೆ ಹೆತ್ತವರು ಒಪ್ಪಿಗೆ ನಿರಾಕರಿಸಿದರು. ಕನ್ನಡದಲ್ಲಿ ಬರೆದ ಸಂದೇಶಕ್ಕೆ ತಲಪಾಡಿಯ ಗಡಿ ಲೆಕ್ಕಕ್ಕಿಲ್ಲ. ಮಂಗಳೂರಿನ ಬಂಧುಗಳ ಗುಂಪಿನಿಂದಲೂ ಕಾಸರಗೋಡಿನ ನೆರೆಹೊರೆಯ ಗುಂಪಿನಿಂದಲೂ ಸುದ್ದಿ ಬರುವ ನಮ್ಮ ಮನೆಗಳಿಗೆ ಭಯ ಎರಡು ಬಾಗಿಲಿನಿಂದ ಪ್ರವೇಶಿಸುತ್ತದೆ.

ಲಸಿಕೆಗಳ ಕುರಿತ ಇಂತಹ ಭಯಕ್ಕೆ ಹಳೆಯ ಬೇರುಗಳೂ ಇವೆ. 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ ಹನ್ನೆರಡು ಮಕ್ಕಳನ್ನು ಆಧರಿಸಿ ಬರೆದ ಲೇಖನವೊಂದು, ದಡಾರದ ಅಂಶವಿರುವ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು ಬಿತ್ತಿತು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಲೇಖನವನ್ನು ಹಿಂತೆಗೆದುಕೊಂಡಿತು. ಪತ್ರಿಕೆ ಹಿಂತೆಗೆದ ಮಾತು ಫೋನಿನಲ್ಲಿ ಇಂದಿಗೂ ತಿರುಗುತ್ತಿದೆ.

ದಡಾರ ಎಷ್ಟು ಬೇಗ ಹರಡುವ ರೋಗವೆಂದರೆ, ರಕ್ಷಣೆಯಿಲ್ಲದ ಹತ್ತು ಮಂದಿ ರೋಗಿಯ ಸಮೀಪ ಸುಳಿದರೆ ಒಂಬತ್ತು ಮಂದಿಗೆ ತಗಲಬಹುದು. ಆದುದರಿಂದ ನೂರರಲ್ಲಿ 95 ಮಂದಿಗಾದರೂ ರಕ್ಷಣೆ ದೊರೆತಿರಬೇಕು. ರುಬೆಲ್ಲಾ ಮಕ್ಕಳಲ್ಲಿ ಸಾಮಾನ್ಯ ಜ್ವರದಂತೆ ಕಂಡರೂ, ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಹುಟ್ಟುವ ಶಿಶುವಿನ ಕಣ್ಣು, ಕಿವಿ, ಹೃದಯಗಳಿಗೆ ಕೇಡಾಗಬಹುದು. ಸಂದೇಶವನ್ನು ಮುಂದೂಡಿದವನ ಮನೆಗೆ ಏನೂ ಆಗದಿರಬಹುದು. ಅದರ ಬೆಲೆಯನ್ನು ಅವನು ಎಂದೂ ಕಾಣದ ಒಬ್ಬ ತಾಯಿ ತೆರುತ್ತಾಳೆ.

ಸಮಾನತೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಸುಳ್ಳು ಸಂದೇಶ ಎಲ್ಲ ಮನೆಗಳಿಗೂ ತಲಪುತ್ತದೆ; ಅದನ್ನು ಪರೀಕ್ಷಿಸುವ ಸೌಕರ್ಯ ಎಲ್ಲ ಮನೆಗಳಲ್ಲಿಯೂ ಇಲ್ಲ. ಪರಿಚಯದ ವೈದ್ಯರಿರುವವರು ಒಂದು ಕರೆ ಮಾಡಿ ಸಂಶಯ ನಿವಾರಿಸಿಕೊಳ್ಳುತ್ತಾರೆ. ಬೀಡಿ ಕಟ್ಟುವ, ತೋಟದ ಕೂಲಿಗೆ ಹೋಗುವ ತಾಯಿಗೆ ಆ ಅನುಕೂಲವಿಲ್ಲ. ಎಷ್ಟೋ ಮನೆಗಳಲ್ಲಿ ಫೋನು ಗಂಡನ ಅಥವಾ ಮಗನ ಕೈಯಲ್ಲಿರುತ್ತದೆ. ಅವರು ಹೇಳಿದಷ್ಟೇ ಆಕೆಗೆ ಸುದ್ದಿ.

ಇದಕ್ಕೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. 2021ರ ಏಪ್ರಿಲ್ 28ರಂದು 18ರಿಂದ 44 ವರ್ಷದವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆದಾಗ, ಕೋವಿನ್ ಜಾಲತಾಣದಲ್ಲಿ ಹೆಸರು ದಾಖಲಿಸುವುದು ಕಡ್ಡಾಯವಾಗಿತ್ತು. ಫೋನು, ಸಂಪರ್ಕ ಮತ್ತು ಇಂಗ್ಲಿಷು ಇದ್ದವರು ಮೊದಲು ಸ್ಥಳ ಕಾದಿರಿಸಿಕೊಂಡರು. ಮೇ 31ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಡಿಜಿಟಲ್ ಕಂದಕದ ಬಗೆಗೆ ಕಳವಳ ವ್ಯಕ್ತಪಡಿಸಿತು. ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಜಾಲತಾಣ ಲಭ್ಯವಾದದ್ದು ಜೂನ್ ತಿಂಗಳಲ್ಲಿ. ನೋಂದಾಯಿಸದೆ ನೇರವಾಗಿ ಕೇಂದ್ರಕ್ಕೆ ಬಂದವರಿಗೂ ಲಸಿಕೆ ನೀಡುವ ವ್ಯವಸ್ಥೆಯನ್ನು ಬಳಿಕವಷ್ಟೇ ಕ್ರಮೇಣ ವಿಸ್ತರಿಸಲಾಯಿತು.

ಹಾಗೆಂದು ಯಂತ್ರವನ್ನು ದೂಷಿಸಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಇ-ಸಂಜೀವನಿಯಂತಹ ದೂರವೈದ್ಯ ಸೇವೆಯಿಂದ, ಬಸ್ಸಿಗೆ ಕಾಸಿಲ್ಲದವರೂ ಮನೆಯಲ್ಲಿ ಕುಳಿತೇ ವೈದ್ಯರ ಸಲಹೆ ಪಡೆಯುವಂತಾಗಿದೆ. ಆದರೆ ತುಳು, ಕನ್ನಡಗಳನ್ನಷ್ಟೇ ಬಲ್ಲ ಅಜ್ಜಿಯೊಬ್ಬಳು ತನ್ನ ಎದೆನೋವನ್ನು ಮಲಯಾಳದಲ್ಲಿ ಕೇಳುವ ವೈದ್ಯರಿಗೆ ವಿವರಿಸಬೇಕಾದಾಗ, ಅವಳ ಪಕ್ಕದಲ್ಲಿ ಎರಡೂ ಭಾಷೆ ಬಲ್ಲ ಮೊಮ್ಮಗಳು ಕುಳಿತಿರಬೇಕಾಗುತ್ತದೆ. ನಮ್ಮ ಶಾಲೆ ರೂಪಿಸಬೇಕಾದುದು ಆ ಮೊಮ್ಮಗಳನ್ನು.

ಈ ದಾರಿಯಲ್ಲಿ ನೆರೆಯ ಕಣ್ಣೂರು ಜಿಲ್ಲೆ ಒಂದು ಹೆಜ್ಜೆ ಮುಂದಿಟ್ಟಿತು. ಲಸಿಕಾ ಅಭಿಯಾನಕ್ಕೆ ವದಂತಿಗಳು ಒಡ್ಡಿದ ಅಡ್ಡಿಯನ್ನು ಕಂಡ ಅಂದಿನ ಜಿಲ್ಲಾಧಿಕಾರಿ ಮೀರ್ ಮುಹಮ್ಮದ್ ಅಲಿಯವರು, 2018ರಲ್ಲಿ ‘ಸತ್ಯಮೇವ ಜಯತೇ’ ಎಂಬ ಕಾರ್ಯಕ್ರಮದ ಮೂಲಕ 150ರಷ್ಟು ಸರಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ಮಾಡಿಸಿದರು. ಅದೇ ವರ್ಷ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿ ವಿಧಿಸಿತು. ಅಂತಹ ಮಿತಿಯಿಂದ ಸುಳ್ಳಿನ ವೇಗ ತಗ್ಗಬಹುದು. ಐದು ಮನೆಗಳಿಗೆ ತಲಪಿದ ಸುಳ್ಳನ್ನು ಸುಳ್ಳೆಂದು ಅರಿಯಲು ವಿವೇಕವೇ ಬೇಕು.

ನಮ್ಮ ಮಕ್ಕಳು ಮಲಯಾಳದ ಫಲಕ, ಇಂಗ್ಲಿಷಿನ ಆ್ಯಪ್, ಕನ್ನಡದ ಮನೆಮಾತು ಇವುಗಳ ನಡುವೆ ದಿನವೂ ಓಡಾಡುವವರು. ಮನೆಯಲ್ಲಿ ಫೋನನ್ನು ಓದಿ ಹೇಳುವವರೂ ಹೆಚ್ಚಾಗಿ ಅವರೇ. ಆದುದರಿಂದ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು: ಆರೋಗ್ಯದ ಸಂದೇಶವೊಂದನ್ನು ಕಂಡಾಗ ‘ಇದನ್ನು ಹೇಳಿದವರು ಯಾರು? ಎಂದು ಹೇಳಿದರು? ಅವರಿಗೆ ಅದು ಹೇಗೆ ಗೊತ್ತಾಯಿತು?’ ಎಂಬ ಮೂರು ಪ್ರಶ್ನೆ ಕೇಳುವ ಅಭ್ಯಾಸವನ್ನು ಭಾಷಾ ತರಗತಿಯಲ್ಲಿಯೇ ಮಾಡಿಸಿರಿ. ಶಾಲೆಯ ಸೂಚನಾ ಫಲಕದಲ್ಲಿ ಲಸಿಕೆಯ ದಿನಾಂಕಗಳೂ, ಭೇದಿಯಾದಾಗ ಓಆರ್‌ಎಸ್ ಕಲಸುವ ಕ್ರಮವೂ ಕನ್ನಡದಲ್ಲಿರಲಿ.

ಹೆತ್ತವರಲ್ಲಿ ಮತ್ತು ಹಳೆ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಮನ್ನಿಸಿದೆ. ಆರೋಗ್ಯದ ಪ್ರಕಟಣೆಗಳು ಕನ್ನಡದಲ್ಲಿಯೂ ಬರಲೆಂದು ಆ ಬಲದಿಂದ ಕೇಳೋಣ. ನಮ್ಮಲ್ಲಿ ವೈದ್ಯರಾದವರು, ದಾದಿಯರಾದವರು ಅನೇಕರಿದ್ದಾರೆ. ತಿಂಗಳಿಗೊಂದು ಗಂಟೆ ಈ ಶಾಲೆಯಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕುಳಿತು ಊರಿನವರ ಸಂಶಯಗಳಿಗೆ ಉತ್ತರಿಸಿದರೆ ಶತಮಾನೋತ್ಸವಕ್ಕೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಡ. ಹೀಗೆ ಉತ್ತರ ಸಿಗುವ ಜಾಗವೊಂದು ಊರಿನಲ್ಲಿದ್ದರೆ, ರಾತ್ರಿ ಬಂದ ಹೆದರಿಕೆಯ ಸಂದೇಶವನ್ನು ಮುಂದೂಡುವ ಬದಲು ‘ನಾಳೆ ಶಾಲೆಯಲ್ಲಿ ಕೇಳುವಾ’ ಎಂದು ಒಬ್ಬ ತಾಯಿ ಹೇಳಬಲ್ಲಳು.