ನಿಂತು ಹೋದ ಕಾರು, ಸತ್ತಿಲ್ಲದ ಗೇರ್ ಬಾಕ್ಸ್
(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ)



ಮಾಟುಂಗಾದ ಒಂದು ಹಳೆಯ ಕಟ್ಟಡದ ಹಿಂದಿನ ಗ್ಯಾರೇಜಿನಲ್ಲಿ 1963ರ ಷೆವರ್ಲೆ ಇಂಪಾಲಾ ಕಾರೊಂದು 19 ವರ್ಷ ನಿಂತಿತ್ತು. ಯಜಮಾನರು ತೀರಿಕೊಂಡ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ಕಾರನ್ನು ಅಲ್ಲಿಂದ ತೆಗೆಯಲೇಬೇಕಾಯಿತು. ಅವರ ಪತ್ನಿ ಉಡುಪಿ ಕಡೆಯವರು, ಎಂಬತ್ತರ ಹತ್ತಿರದ ವಯಸ್ಸು. ನನ್ನನ್ನು ಕರೆಸಿ, "ಇಂಜಿನ್ ಚಾಲು ಆಗ್ತದೆ ಮಾರಾಯ, ಗಾಡಿ ಮಾತ್ರ ಹಂದುವುದಿಲ್ಲ. ಗೇರ್ ಬಾಕ್ಸ್ ಹೋಗಿದೆಯಂತೆ. ಗುಜರಿಗೆ ಕೊಡಿ ಅಂತ ಹೇಳ್ತಾರೆ. ನೀನೊಮ್ಮೆ ನೋಡು" ಎಂದರು.

ಹಾಗೆ ಹೇಳಿದ ಮೆಕ್ಯಾನಿಕ್ ಕೆಟ್ಟವನಲ್ಲ. ಟ್ಯಾಂಕ್ ತೊಳೆದು, ಹೊಸ ಬ್ಯಾಟರಿ ಹಾಕಿ, ಬ್ರೇಕ್ ಸರಿಮಾಡಿ, ಇಂಜಿನ್ ಚಾಲು ಮಾಡಿದ್ದನು. ಗೇರ್ ಬಾಕ್ಸಿನ ಆಯಿಲ್ ಅಳೆಯುವ ಕಡ್ಡಿಯನ್ನೂ ಎಳೆದು ನೋಡಿದ್ದನು. ಆಯಿಲ್ ಗುರುತಿಗಿಂತ ಮೇಲೇ ಇತ್ತು. ಆಯಿಲ್ ಇದ್ದೂ ಗಾಡಿ ಚಲಿಸದಿದ್ದರೆ ಗೇರ್ ಬಾಕ್ಸ್ ಹಾಳಾಗಿದೆ ಎಂದೇ ಅರ್ಥ ಎಂದುಕೊಂಡನು. ತಪ್ಪಾದದ್ದು ಒಂದೇ: ಇಂಜಿನ್ ನಿಲ್ಲಿಸಿ ಅಳೆದಿದ್ದನು.

ಇದು ಏಕೆ ತಪ್ಪು ಎಂದು ಸ್ವಲ್ಪ ವಿವರಿಸುತ್ತೇನೆ. ಆ ಕಾರಿನಲ್ಲಿರುವುದು ಪವರ್‌ಗ್ಲೈಡ್ ಎಂಬ ಆಟೋಮ್ಯಾಟಿಕ್ ಗೇರ್ ಬಾಕ್ಸ್. ಷೆವರ್ಲೆ ಕಾರುಗಳಲ್ಲಿ 1950ರಿಂದ 1973ರವರೆಗೆ ಬಂದದ್ದು. ಮುಂದಕ್ಕೆ ಎರಡೇ ಗೇರು, ಕ್ಲಚ್ ಪೆಡಲ್ ಇಲ್ಲ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲು ಮಾಡಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೇ? ಇಲ್ಲೂ ಹಾಗೆಯೇ, ಗಾಳಿಯ ಬದಲು ಆಯಿಲ್. ಆ ಫ್ಯಾನುಗಳಿರುವ ಡಬ್ಬಿಗೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಗೇರು ಹಿಡಿಯುವ ಪಟ್ಟಿ, ಕ್ಲಚ್ ಪ್ಲೇಟುಗಳು ಕೂಡ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುತ್ತವೆ. ಆ ಒತ್ತಡವನ್ನು ಕೊಡುವ ಮುಂದಿನ ಪಂಪ್ ಇಂಜಿನ್ ತಿರುಗಿದಾಗ ಮಾತ್ರ ತಿರುಗುತ್ತದೆ.

ಕಾರು ವರ್ಷಗಟ್ಟಲೆ ನಿಂತಾಗ ಕನ್ವರ್ಟರಿನಲ್ಲಿದ್ದ ಆಯಿಲ್ ನಿಧಾನವಾಗಿ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಆಗ ಕಡ್ಡಿ ಎಳೆದರೆ ಆಯಿಲ್ ಜಾಸ್ತಿ ಎಂದೇ ತೋರಿಸುತ್ತದೆ. ಇಂಜಿನ್ ಚಾಲು ಆದೊಡನೆ ಪಂಪ್ ಅದನ್ನೆಲ್ಲ ಎಳೆದು ಕನ್ವರ್ಟರಿಗೆ ತುಂಬುತ್ತದೆ, ತಟ್ಟೆ ಬರಿದಾಗುತ್ತದೆ. ನಡುವೆ ಒಂದೆರಡು ಲೀಟರ್ ಸೋರಿಹೋಗಿದ್ದರಂತೂ ಪಂಪ್ ಗಾಳಿಯನ್ನೇ ಕುಡಿಯುತ್ತದೆ. ಗಾಳಿಗೆ ಒತ್ತಡ ಎಲ್ಲಿಂದ ಬರಬೇಕು? ಗಾಡಿ ನಿಂತಲ್ಲೇ ನಿಲ್ಲುತ್ತದೆ.

ನಾವು ಮಾಡಿದ್ದು ಇಷ್ಟು. ನಾಲ್ಕು ಚಕ್ರಗಳಿಗೂ ಮರದ ತುಂಡು ಕೊಟ್ಟೆವು. ಮುಂದೆ, ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡೆವು. ಒಬ್ಬರು ಬ್ರೇಕ್ ತುಳಿದು ಕುಳಿತರು. ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲು ಮಾಡಿ ಒಂದು ನಿಮಿಷದ ಮೇಲೆ ಕಡ್ಡಿ ಎಳೆದರೆ, ತುದಿಯಲ್ಲಿ ಬರೀ ನೊರೆ. ತಕ್ಷಣ ಇಂಜಿನ್ ನಿಲ್ಲಿಸಿದೆವು. ಗೇರ್ ಬಾಕ್ಸಿನ ಕೆಳಗೆ ನೆಲದಲ್ಲಿ ಹಳೆಯ ಕಪ್ಪು ಕಲೆಯೂ ಇತ್ತು. ಆಯಿಲ್ ಎಲ್ಲಿಗೆ ಹೋಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆಮೇಲೆ ತಟ್ಟೆ ಬಿಚ್ಚಿದೆವು. ಇಲ್ಲಿ ಕಣ್ಣು, ಮೂಗು ಎರಡೂ ಬೇಕು. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸುಟ್ಟಿವೆ. ಗುಲಾಬಿ ಬಣ್ಣದ ಹಾಲಿನಂತಿದ್ದರೆ ರೇಡಿಯೇಟರಿನ ನೀರು ಸೇರಿದೆ. ಲೋಹದ ಚೂರುಗಳಿದ್ದರೆ ಒಳಗೆ ಏನೋ ಮುರಿದಿದೆ. ಈ ಮೂರರಲ್ಲಿ ಯಾವುದಿದ್ದರೂ ಮತ್ತೆ ಚಾಲು ಮಾಡದೆ ಗೇರ್ ಬಾಕ್ಸ್ ಇಳಿಸಬೇಕು. ಇಲ್ಲಿ ತೆಳುವಾದ ಕೆಸರು ಮಾತ್ರ ಇತ್ತು. ಜಾಲರಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಡೆಕ್ಸ್ರಾನ್-3 ದರ್ಜೆಯ ಆಯಿಲ್ ತುಂಬಿದೆವು. ಇಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ಅರ್ಧರ್ಧ ಲೀಟರ್ ಹಾಕುತ್ತ, ಪ್ರತಿ ಸಲ ಕಡ್ಡಿ ನೋಡುತ್ತ ಹೋದೆವು. ಅವಸರಪಟ್ಟು ಜಾಸ್ತಿ ತುಂಬಿದರೂ ನೊರೆ ಬಂದು ಅದೇ ತೊಂದರೆ. ರೇಸ್ ಕೊಡಲೇಬಾರದು.

ಲಿವರನ್ನು ರಿವರ್ಸ್‌ಗೆ ಹಾಕಿದಾಗ ಮೊದಲು ಏನೂ ಆಗಲಿಲ್ಲ. ಕೆಲವು ಕ್ಷಣದ ಮೇಲೆ ಕಾರಿನ ಮೈ ಸಣ್ಣಗೆ ಜಗ್ಗಿತು. ಮರದ ತುಂಡು ತೆಗೆದು ಬ್ರೇಕ್ ಸಡಿಲಿಸಿದಾಗ ಗೇಣುದ್ದ ಹಿಂದಕ್ಕೆ ಸರಿಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಏನೂ ಮಾತಾಡಲಿಲ್ಲ. ಸೆರಗಿನಲ್ಲಿ ಬಾನೆಟ್ ಮೇಲಿನ ಧೂಳು ಒರೆಸಿದರು.

ಎಲ್ಲ ಕಾರಿಗೂ ಇಷ್ಟರಲ್ಲೇ ಮುಗಿಯುವುದಿಲ್ಲ. ಪವರ್‌ಗ್ಲೈಡಿನಲ್ಲಿ ಆಯಿಲ್ ಸರಿಯಾಗಿದ್ದೂ ಯಾವ ಕಡೆಗೂ ಚಲಿಸದಿದ್ದರೆ ಲಿವರಿನ ಕೊಂಡಿ, ಪಂಪ್ ನೋಡಬೇಕು. ಹಿಂದಕ್ಕೆ ಹೋಗಿ ಮುಂದಕ್ಕೆ ಹೋಗದಿದ್ದರೆ ಲೋ ಗೇರಿನ ಪಟ್ಟಿಯನ್ನು ನೋಡಬೇಕು. ಮುಂದಕ್ಕೆ ಹೊರಟು ಎರಡನೇ ಗೇರಿಗೆ ಬೀಳದಿದ್ದರೆ ಗವರ್ನರ್ ಅಥವಾ ಮೇಲಿನ ಗೇರಿನ ಕ್ಲಚ್ ಮೇಲೆ ಅನುಮಾನ. ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ಬಂದು ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದರೆ ವ್ಯಾಕ್ಯೂಮ್ ಮಾಡ್ಯುಲೇಟರಿನ ಪೊರೆ ಹರಿದು, ಇಂಜಿನ್ ಆ ಆಯಿಲನ್ನು ಎಳೆದು ಸುಡುತ್ತಿರಬಹುದು. ಅದು ಹೊರಗಿನಿಂದಲೇ ಬದಲಿಸಬಹುದಾದ ಸಣ್ಣ ಭಾಗ. ಅದಕ್ಕಾಗಿ ಇಡೀ ಇಂಜಿನ್ ಬಿಚ್ಚಿಸಿಕೊಂಡವರಿದ್ದಾರೆ.

ಇನ್ನೊಂದು ಮಾತು. ಹೀಗೆ ನಿಂತ ಕಾರನ್ನು ಹಿಂದಿನ ಚಕ್ರ ನೆಲದಲ್ಲಿಟ್ಟು ಹಗ್ಗ ಕಟ್ಟಿ ದೂರ ಎಳೆಸಬೇಡಿ. ಒಳಗೆ ಆಯಿಲ್ ಹರಿಯದೆ ಭಾಗಗಳು ಸವೆಯುತ್ತವೆ. ಲಾರಿಯ ಮೇಲೆ ಹೇರಿಸಿ, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ ಕಳಚಿಸಿ. ಬೇರೆ ಕಂಪನಿಯ ಕಾರುಗಳಲ್ಲಿ ಆಯಿಲಿನ ಜಾತಿ, ಅಳೆಯುವ ಕ್ರಮ ಬೇರೆ ಇರುತ್ತದೆ. ಆಯಾ ಕೈಪಿಡಿಯನ್ನೇ ನಂಬಿ.

ಆ ಇಂಪಾಲಾದ ಸೀಲುಗಳು ಒಣಗಿ ಗಟ್ಟಿಯಾಗಿದ್ದವು. ಮುಂದಿನ ಸೀಲಿನಿಂದ ಎರಡನೇ ದಿನವೇ ಆಯಿಲ್ ತೊಟ್ಟಿಕ್ಕತೊಡಗಿತು. ಕೊನೆಗೆ ಗೇರ್ ಬಾಕ್ಸ್ ಇಳಿಸಿ ಸೀಲುಗಳನ್ನೆಲ್ಲ ಬದಲಿಸಬೇಕಾಯಿತು. ಖರ್ಚು ಬಂತು, ನಿಜ. ಆದರೆ ಗುಜರಿಗೆ ಹೋದ ಕಾರು ಯಾವ ಖರ್ಚಿಗೂ ಮರಳಿ ಬರುವುದಿಲ್ಲ. 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೇ ಮಾಡಿದೆ.

ಕೆಲಸ ಮುಗಿದ ಮೇಲೆ ಡ್ಯಾಶ್‌ಬೋರ್ಡಿನ ಖಾನೆ ತೆರೆದೆ. ಯಜಮಾನರ ಕನ್ನಡಕದ ಜೊತೆ ಕಾರಿನ ಕೈಪಿಡಿ ಇತ್ತು. ಆಯಿಲನ್ನು ಇಂಜಿನ್ ಓಡುತ್ತಿರುವಾಗ ಅಳೆಯಬೇಕು ಎಂಬ ಸಾಲಿನ ಕೆಳಗೆ ಅವರು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಅಮ್ಮನಿಗೆ ತೋರಿಸಿದೆ. "ಅವರು ಹೇಳ್ತಿದ್ದರು ಮಾರಾಯ, ನಾನೇ ಕಿವಿ ಕೊಡಲಿಲ್ಲ" ಎಂದರು.

ನಿಮ್ಮ ಮನೆಯಲ್ಲೂ ಇಂಥ ಕಾರೊಂದು ನಿಂತಿದ್ದರೆ, ಗುಜರಿಯವನಿಗೆ ಫೋನ್ ಮಾಡುವ ಮೊದಲು ಆ ಖಾನೆಯನ್ನೊಮ್ಮೆ ತೆರೆದು ನೋಡಿ.